ಹತ್ತು ಸೆಕೆಂಡಿನಲ್ಲಿ ಆರು ಸಲ

ಬೀದಿಯವರೆಲ್ಲ ಅವರನ್ನು ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ಆ ಹೆಸರು ಅವರಿಗೆ ಒಪ್ಪುವುದಿಲ್ಲ ಎಂದು ಮಾತ್ರ ಇದುವರೆಗೆ ಒಬ್ಬರೂ ಹೇಳಿಲ್ಲ. ವಯಸ್ಸು ಐವತ್ತಾರು. ಕಸುಬು ಪುಸ್ತಕಗಳಿಗೆ ಬೈಂಡಿಂಗ್ ಹಾಕುವುದು. ಅವರು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಪಕ್ಕದ ಮನೆಯವರು ಪೇಪರ್ ಓದಿ, ಸ್ನಾನ ಮುಗಿಸಿ, ಕೆಲಸಕ್ಕೆ ಹೊರಟು ನಿಂತಿರುತ್ತಿದ್ದರು. ಫೋನ್ ಬಂದರೆ ಕನ್ನಡಕ ಹುಡುಕಿ, ಹೆಸರು ಓದಿ, ಗಂಟಲು ಸರಿಮಾಡಿಕೊಂಡು ಅವರು "ಹಲೋ" ಎನ್ನುವ ಹೊತ್ತಿಗೆ ಆ ಕಡೆಯವರು ಬೇಸತ್ತು ಇಟ್ಟುಬಿಟ್ಟಿರುತ್ತಿದ್ದರು.

ಇಂಥವರಿಗೆ ಸಿಕ್ಕ ಹೆಂಡತಿ ಬಸ್ ನಿಲ್ದಾಣದ ಅನೌನ್ಸರ್. ಒಂದೇ ಉಸಿರಿನಲ್ಲಿ ಎಂಟು ಊರು, ನಾಲ್ಕು ಪ್ಲಾಟ್‌ಫಾರಂ, ತಡವಾದ ಎರಡು ಬಸ್ಸು, ಕಳೆದುಹೋದ ಒಂದು ಕೊಡೆ, ಎಲ್ಲವನ್ನೂ ಹೇಳಿ ಮುಗಿಸಿ ಆಮೇಲೆ ನೀರು ಕುಡಿಯುವ ಹೆಂಗಸು. ಮನೆಯಲ್ಲೂ ಅದೇ ಧಾಟಿ. ಮದುವೆಯ ಮಾತನ್ನು ಬಾಯಿಬಿಟ್ಟು ಹೇಳಲು ನಿಧಾನಪ್ಪ ನಾಲ್ಕು ವರ್ಷ ತೆಗೆದುಕೊಂಡಾಗ, ತಡೆಯಲಾರದೆ ಆಕೆಯೇ "ಆಗೋಣ ಬಿಡ್ರೀ, ನನಗೆ ಶಿಫ್ಟಿಗೆ ಹೊತ್ತಾಯ್ತು" ಎಂದಿದ್ದರಂತೆ. ಬೀದಿಗೆ ಆಕೆ ಅನೌನ್ಸರಮ್ಮ. ಮನೆಯಲ್ಲಿ ಮೂರನೆಯವರು ಆಕೆಯ ತಾಯಿ. ನಿಧಾನಪ್ಪನವರು ಅತ್ತೆ ಎಂದು ಕರೆದದ್ದನ್ನು ಕೇಳಿ ಕೇಳಿ ಇಡೀ ಬೀದಿಯೇ ಅವರನ್ನು ಅತ್ತೆ ಎನ್ನುತ್ತಿತ್ತು. ಎಪ್ಪತ್ತೊಂಬತ್ತು ವಯಸ್ಸು, ಕಿವಿ ಸ್ವಲ್ಪ ಮಂದ, ಕಣ್ಣು ಬಲು ಚುರುಕು. ಬೀದಿಯ ಕಡೆಯ ಕಿಟಕಿಯ ಪಕ್ಕ ಕೂತು ಸ್ವೆಟರ್ ಹೆಣೆಯುವುದು, ಹೆಣೆಯುತ್ತಲೇ ಯಾರ ಮನೆಗೆ ಯಾರು ಬಂದರು ಎಂದು ನೋಡುವುದು ಅವರ ದಿನಚರಿ.

ಎಲ್ಲ ಶುರುವಾದದ್ದು ಒಂದು ಸದ್ದಿನಿಂದ. ನಿಧಾನಪ್ಪನವರ ಅಂಗಡಿಯಲ್ಲಿ ಕಬ್ಬಿಣದ ಹಳೆಯ ಪ್ರೆಸ್ ಒಂದಿದೆ. ಅಂಟು ಹಚ್ಚಿದ ಪುಸ್ತಕಗಳನ್ನು ಅದರ ನಡುವೆ ಪೇರಿಸಿ, ಮೇಲಿನ ಚಕ್ರವನ್ನು ತಿರುಗಿಸುತ್ತಾ ಹೋದರೆ ಎರಡು ಹಲಗೆಗಳು ಕೂಡಿಕೊಂಡು ಪುಸ್ತಕಗಳನ್ನು ಒತ್ತಿ ಹಿಡಿಯುತ್ತವೆ. ಒಂದು ಸಂಜೆ ನಾಲ್ಕು ದಪ್ಪ ನಿಘಂಟುಗಳನ್ನು ಪೇರಿಸಲು ಅವರು ಬಗ್ಗಿದಾಗ ಅಂಗಿಯ ಜೇಬಿನಿಂದ ಏನೋ ಜಾರಿದ್ದು ಅವರಿಗೆ ಗೊತ್ತಾಗಲಿಲ್ಲ. ಚಕ್ರ ತಿರುಗಿಸಿದರು. "ಕರಕ್" ಎಂದಿತು. ರಟ್ಟು ಕೂಡಿಕೊಳ್ಳುತ್ತಿದೆ ಎಂದುಕೊಂಡು ಸಮಾಧಾನದಿಂದ ಇನ್ನೊಂದು ಸುತ್ತು ತಿರುಗಿಸಿ, ಬಾಗಿಲು ಹಾಕಿಕೊಂಡು ಮನೆಗೆ ಹೋದರು.

ಮರುದಿನ ಪ್ರೆಸ್ ಬಿಚ್ಚಿದಾಗ ಎರಡನೆಯ ಮತ್ತು ಮೂರನೆಯ ನಿಘಂಟಿನ ನಡುವೆ ಅವರ ಕಾರಿನ ರಿಮೋಟ್ ಹಪ್ಪಳದಂತೆ ಮಲಗಿತ್ತು.

ಕಾರು ಎಂದರೆ ದೊಡ್ಡ ಕಾರೇನಲ್ಲ. ಇನ್ನೊಬ್ಬರು ಹತ್ತು ವರ್ಷ ಓಡಿಸಿ ಬಿಟ್ಟದ್ದನ್ನು ಇವರು ಕೊಂಡಿದ್ದರು. ಬಿಳಿ ಬಣ್ಣ, ಗೊರಗೊರ ಸದ್ದು. ಅದರ ಕೀಲಿ ಬೇರೆ, ಬೀಗ ತೆರೆಯುವ ರಿಮೋಟ್ ಬೇರೆ. ಎರಡೂ ಎರಡೆರಡಿದ್ದವು, ಗಂಡನಿಗೊಂದು ಜೊತೆ, ಹೆಂಡತಿಗೊಂದು ಜೊತೆ. ಒಂದು ದಿನ ಆಕೆ ಕಾರು ಒಯ್ದರೆ ಮರುದಿನ ಇವರು.

"ನಿನ್ನದು ಒಂದೆರಡು ವಾರ ನನಗೆ ಕೊಟ್ಟಿರು" ಎಂದು ನಿಧಾನಪ್ಪ ಕೇಳಿದರು.

"ಆಗೋದಿಲ್ಲ ಕಣ್ರೀ. ನಿಮ್ಮ ಕೈಗೆ ಕೊಟ್ಟರೆ ಅದಕ್ಕೂ ಬೈಂಡಿಂಗ್ ಹಾಕಿಬಿಡ್ತೀರ!"

ಹೀಗಾಗಿ ಅವರ ಪಾಲಿಗೆ ಬರಿ ಕೀಲಿ ಉಳಿಯಿತು. ತೊಂದರೆ ಏನೆಂದರೆ, ರಿಮೋಟ್ ಒತ್ತದೆ ಬರಿ ಕೀಲಿಯಿಂದ ಬಾಗಿಲು ತೆಗೆದರೆ ಆ ಕಾರು ಕಳ್ಳ ಬಂದನೆಂದು ಬೊಬ್ಬೆ ಹಾಕುತ್ತಿತ್ತು. ಒಳಗೆ ಕೂತು, ಸ್ಟೇರಿಂಗಿನ ಪಕ್ಕದ ತೂತಿಗೆ ಕೀಲಿ ಹಾಕಿ ತಿರುಗಿಸುವ ತನಕ ಬಾಯಿ ಮುಚ್ಚುತ್ತಿರಲಿಲ್ಲ. ಬೇರೆಯವರಾಗಿದ್ದರೆ ಮೂರು ಸೆಕೆಂಡಿನ ಕೆಲಸ. ನಿಧಾನಪ್ಪ ಮೊದಲು ಊಟದ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿ ಇಡುವರು. ಅದು ವಾಲದಂತೆ ಟವೆಲ್ ಒತ್ತು ಕೊಡುವರು. ಚಪ್ಪಲಿಯ ಮಣ್ಣು ಕೊಡವುವರು. ಕೂರುವರು. ಸೀಟು ಸರಿಮಾಡುವರು. ಅಷ್ಟು ಹೊತ್ತೂ ಕಾರು ಪೇಂ ಪೇಂ ಎಂದು ಬೀದಿಯನ್ನೇ ತಲೆಯ ಮೇಲೆ ಹೊತ್ತಿರುತ್ತಿತ್ತು.

ಎದುರು ಮನೆಯಲ್ಲಿ ಒಬ್ಬ ನರ್ಸ್ ಇದ್ದಳು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮಲಗುವವಳು. ಐದನೆಯ ದಿನ ಆಕೆ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡೇ ಬೀದಿಗೆ ಬಂದಳು.

"ಅಣ್ಣಾ, ನಿಮ್ಮ ಕಾರಿಗೆ ಮದ್ದು ಏನಾದ್ರೂ ಬೇಕಾ? ನಮ್ಮ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇದೆ. ಅದಕ್ಕೆ ಕೊಡ್ಲೋ, ನಿಮಗೆ ಕೊಡ್ಲೋ, ಹೇಳಿ."

ನಿಧಾನಪ್ಪ ನಾಚಿ ನೀರಾದರು. ಆ ದಿನವೇ ಸರ್ವಿಸ್ ಸೆಂಟರಿಗೆ ಹೋದರು. ಅಲ್ಲಿನ ಮೆಕ್ಯಾನಿಕ್, ರಿಮೋಟ್ ಹೊಂದಿಸುವವನು ರಜೆಯಲ್ಲಿದ್ದಾನೆ, ಮೂರು ವಾರ ಬಿಟ್ಟು ಬನ್ನಿ ಎಂದ. ಇವರ ಮುಖ ಬಾಡಿದ್ದು ನೋಡಿ, ಟಯರ್ ಉರುಳಿಸಿಕೊಂಡು ಹೋಗುತ್ತಲೇ ಒಂದು ಮಾತು ಸೇರಿಸಿದ: "ಹಳೇ ಮಾಡೆಲ್ ಅಲ್ವಾ ಸಾರ್? ಹೊಸ ರಿಮೋಟ್ ತರಿಸ್ಕೊಂಡು ನೀವೇ ಮಾಡ್ಕೋಬಹುದು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಎಲ್ಲಾ ಇರುತ್ತೆ."

ಪುಸ್ತಕ! ಆ ಒಂದು ಶಬ್ದಕ್ಕೆ ನಿಧಾನಪ್ಪನವರ ಮುಖ ಮತ್ತೆ ಅರಳಿತು. ಅವರಿಗೆ ತಿಳಿಯದ ಪ್ರಪಂಚದಲ್ಲಿ ತಿಳಿದ ವಸ್ತುವೊಂದು ಸಿಕ್ಕಂತಾಯಿತು.

ಹೊಸ ರಿಮೋಟ್ ಅಂಚೆಯಲ್ಲಿ ಬಂತು. ಪುಸ್ತಕ ಕಾರಿನ ಡ್ರಾಯರಿನ ತಳದಲ್ಲಿ ಸಿಕ್ಕಿತು. ಆದರೆ ಏನು ಸ್ಥಿತಿ! ಹಾಳೆಗಳು ಬಿಡಿಬಿಡಿ, ಮೂಲೆಗಳು ಮಡಚಿ ಹೋಗಿವೆ, ರಕ್ಷಾಪುಟವೇ ಇಲ್ಲ. ಅದನ್ನು ಹಾಗೇ ಬಿಡಿಸಿ ಓದಲು ಅವರಿಗೆ ಮನಸ್ಸು ಬರಲಿಲ್ಲ.

"ಇನ್ನೂ ಆಗಿಲ್ವಾ?" ಎಂದು ಅನೌನ್ಸರಮ್ಮ ನಾಲ್ಕು ದಿನ ಕೇಳಿದರು.

"ಮೊದಲು ಇದಕ್ಕೊಂದು ಹೊಲಿಗೆ ಹಾಕ್ತೀನಿ. ಆಮೇಲೆ ಓದೋಣ."

ಐದನೆಯ ದಿನ ಪುಸ್ತಕ ಸಿದ್ಧವಾಯಿತು. ಹಸಿರು ಕ್ಯಾಲಿಕೋ ಬಟ್ಟೆಯ ರಟ್ಟು, ಚರ್ಮದ ಬೆನ್ನು, ಬೆನ್ನ ಮೇಲೆ ಚಿನ್ನದ ಬಣ್ಣದಲ್ಲಿ "ನಮ್ಮ ಕಾರು". ಹರಿದ ಅಂಚುಗಳನ್ನೆಲ್ಲ ಕಟಿಂಗ್ ಮಷಿನ್ನಿಗೆ ಕೊಟ್ಟು ಮೂರೂ ಕಡೆ ನೀಟಾಗಿ ಕತ್ತರಿಸಿದ್ದರು. ಕಾರಿಗಿಂತ ಪುಸ್ತಕವೇ ಬೆಲೆಬಾಳುವಂತೆ ಕಾಣುತ್ತಿತ್ತು.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕಾರಿನೊಳಗೆ ಮೂವರೂ ಕೂತರು. ಅತ್ತೆಯನ್ನು ಯಾರೂ ಕರೆದಿರಲಿಲ್ಲ. ಇಂಥದ್ದನ್ನು ಕಿಟಕಿಯಿಂದ ನೋಡುವುದಕ್ಕಾಗುತ್ತದೆಯೇ ಎಂದು ಹೆಣಿಗೆಯ ಚೀಲದ ಸಮೇತ ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದರು. ನಿಧಾನಪ್ಪ ಪುಸ್ತಕ ಬಿಡಿಸಿ, ತೊಂಬತ್ತೆರಡನೆಯ ಪುಟವನ್ನು ಓದಿ ಹೇಳಿದರು. ಎಲ್ಲ ಬಾಗಿಲು ಮುಚ್ಚಿರಬೇಕು. ಕೀಲಿಯನ್ನು ಆಫ್‌ನಿಂದ ಆನ್‌ಗೆ, ಆನ್‌ನಿಂದ ಆಫ್‌ಗೆ ತಿರುಗಿಸಬೇಕು. ಹೀಗೆ ಹತ್ತು ಸೆಕೆಂಡಿನೊಳಗೆ ಆರು ಸಲ. ಆಗ ಬಾಗಿಲ ಬೀಗಗಳು ತಾವಾಗಿಯೇ ಟಕ್ ಎಂದು ಬಿದ್ದು ಏಳುತ್ತವೆ. ಅದಾದ ಇಪ್ಪತ್ತು ಸೆಕೆಂಡಿನೊಳಗೆ ಹೊಸ ರಿಮೋಟಿನ ಗುಂಡಿ ಒತ್ತಬೇಕು. ಬೀಗಗಳು ಮತ್ತೆ ಟಕ್ ಎಂದರೆ ಕಾರು ರಿಮೋಟನ್ನು ಒಪ್ಪಿಕೊಂಡಂತೆ. ಹೀಗೆ ಒಂದರ ಹಿಂದೊಂದು ನಾಲ್ಕು ರಿಮೋಟುಗಳ ತನಕ ಸೇರಿಸಬಹುದು.

"ಹತ್ತು ಸೆಕೆಂಡಾ?" ಎಂದು ಅನೌನ್ಸರಮ್ಮ ಗಂಡನ ಮುಖ ನೋಡಿದರು. ನಗು ತಡೆದುಕೊಂಡದ್ದಕ್ಕೆ ಅವರ ಕೆನ್ನೆ ಉಬ್ಬಿತ್ತು.

ಮೊದಲ ಪ್ರಯತ್ನ. ಅನೌನ್ಸರಮ್ಮ ಕೈಗಡಿಯಾರ ಹಿಡಿದು, ನಿಲ್ದಾಣದ ಅದೇ ದನಿಯಲ್ಲಿ ಶುರುಮಾಡಿದರು: "ಪ್ರಯಾಣಿಕರ ಗಮನಕ್ಕೆ. ಒಂದು... ಎರಡು... ಮೂರು..." ಹತ್ತು ಎಂದಾಗ ನಿಧಾನಪ್ಪ ಮೂರನೆಯ ಸಲ ಕೀಲಿ ತಿರುಗಿಸುತ್ತಿದ್ದರು. ಎರಡನೆಯ ಪ್ರಯತ್ನಕ್ಕೆ ಮೂರೂವರೆ. ಮೂರನೆಯದಕ್ಕೆ ನಾಲ್ಕು ಆದವು, ಆದರೆ ಎಷ್ಟಾಯಿತೆಂದು ಅವರು ನಡುವೆ ನಿಲ್ಲಿಸಿ ಕೇಳಿದ್ದರಿಂದ ಅದೂ ಹೋಯಿತು.

"ಇಳೀರಿ, ನಾನು ಮಾಡ್ತೀನಿ" ಎಂದು ಅನೌನ್ಸರಮ್ಮ ಜಾಗ ಬದಲಾಯಿಸಿದರು. ಕೀಲಿ ಅವರ ಕೈಯಲ್ಲಿ ಚರಚರ ತಿರುಗಿತು. ಮೂರು ಸೆಕೆಂಡಿನಲ್ಲಿ ಎಂಟು ಸಲ! ಅಷ್ಟು ವೇಗ ಕಾರಿಗೆ ಅರ್ಥವೇ ಆಗಲಿಲ್ಲ. ಇನ್ನೊಮ್ಮೆ ಹೊರಟಾಗ ರಭಸಕ್ಕೆ ಕೀಲಿ ಆನ್ ದಾಟಿ ಮುಂದಕ್ಕೆ ಹೋಯಿತು. ಗಾಡಿ ಗೇರಿನಲ್ಲೇ ಇತ್ತು. ಗೊರ್ ಎಂದು ಒಂದು ಹಾರು ಹಾರಿ, ಮುಂದಿದ್ದ ಕಸದ ಡಬ್ಬಿಗೆ ಡಿಕ್ಕಿ ಹೊಡೆದು ನಿಂತಿತು. ಡಬ್ಬಿ ಬೀದಿಯುದ್ದಕ್ಕೂ ಡಬಡಬ ಉರುಳುತ್ತಾ ಹೋಗಿ ನರ್ಸ್ ಮನೆಯ ಗೇಟಿಗೆ ತಾಗಿತು.

"ಹೊರಟ್ವಾ?" ಎಂದರು ಅತ್ತೆ ಹಿಂದಿನಿಂದ, ಸಂತೋಷದಿಂದ. "ಎಲ್ಲಿಗೆ?"

ಕಾರಿನೊಳಗೆ ನಗು ಸ್ಫೋಟಿಸಿತು. ಅನೌನ್ಸರಮ್ಮ ಸ್ಟೇರಿಂಗಿಗೆ ಹಣೆ ಒತ್ತಿ ನಕ್ಕರು. ಹಣೆ ಹಾರನ್ನಿಗೆ ತಾಗಿ ಪೇಂ ಎಂದಿತು. ಅದಕ್ಕೆ ಇನ್ನಷ್ಟು ನಗು. ನರ್ಸ್ ಎದ್ದು ಬಂದಳು. ಬೈಯಲೆಂದೇ ಬಂದವಳು, ಮೂವರೂ ಕಣ್ಣೊರೆಸಿಕೊಳ್ಳುವುದನ್ನು ಕಂಡು ಏನಾಯಿತೆಂದು ಕೇಳಿದಳು. ಕೇಳಿಸಿಕೊಂಡು ತಾನೂ ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತು ಬಾಗಿಲು ಹಾಕಿಕೊಂಡಳು.

"ಅಣ್ಣಾ, ನೀವೇ ಮಾಡಿ. ಅತ್ತಿಗೆ ಮಾಡಿದ್ರೆ ಕಾರು ಆಸ್ಪತ್ರೆ ತನಕ ಹಾರುತ್ತೆ. ನೀವು ಎಣಿಸಬೇಡಿ, ಎಣಿಸೋದು ನಮಗೆ ಬಿಡಿ. ದಿನಾ ಕೈ ಏನು ಮಾಡುತ್ತೋ ಅದನ್ನೇ ಮಾಡಲಿ."

ನಿಧಾನಪ್ಪ ಮತ್ತೆ ಚಾಲಕನ ಸೀಟಿಗೆ ಬಂದರು. ದಿನಾ ಕೈ ಏನು ಮಾಡುತ್ತದೆ? ಹೊಲಿಯುತ್ತದೆ. ಮಡಚಿದ ಹಾಳೆಗಳ ಒಂದೊಂದು ಫಾರಮ್ಮಿಗೂ ಬೆನ್ನಿನಲ್ಲಿ ಆರು ತೂತು. ಸೂಜಿ ಒಳಗೆ, ಸೂಜಿ ಹೊರಗೆ. ಮೂವತ್ತು ವರ್ಷದಲ್ಲಿ ಲಕ್ಷ ಸಲ ಮಾಡಿದ ಕೆಲಸ. ಅಂಗಡಿಗೆ ಬಂದ ಗಿರಾಕಿಗಳು, ಇಷ್ಟು ನಿಧಾನದ ಮನುಷ್ಯನ ಸೂಜಿ ಇಷ್ಟು ಬೇಗ ಹೇಗೆ ಓಡುತ್ತದೆ ಎಂದು ಬೆರಗಾಗುವುದಿತ್ತು. ಅವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಹೊಲಿಯುವಾಗ ಅವರು ಗಡಿಯಾರ ನೋಡಿದವರಲ್ಲ.

ಕಣ್ಣು ಮುಚ್ಚಿದರು. ಒಳಗೆ, ಹೊರಗೆ. ಒಳಗೆ, ಹೊರಗೆ. ಕೀಲಿ ಮೆತ್ತಗೆ ಅತ್ತ ಇತ್ತ ಆಡಿತು. ಅನೌನ್ಸರಮ್ಮ ಎಂಟು ಎನ್ನುವಷ್ಟರಲ್ಲಿ ನಾಲ್ಕು ಬಾಗಿಲುಗಳೂ ಒಟ್ಟಿಗೆ ಟಕ್! ಟಕ್! ಎಂದವು.

"ಅಯ್ಯೋ! ಮಾತಾಡ್ತು!" ಎಂದು ಕಿರುಚಿದಳು ನರ್ಸ್. ಅನೌನ್ಸರಮ್ಮ ಗಂಡನ ಭುಜ ಹಿಡಿದು ಅಲುಗಾಡಿಸಿದರು. ನಿಧಾನಪ್ಪ ಕಣ್ಣು ತೆರೆದು, "ಆಯ್ತಾ? ನಾನಾ? ನಾನೇನಾ ಮಾಡಿದ್ದು?" ಎಂದು ಒಬ್ಬೊಬ್ಬರನ್ನೂ ಕೇಳಿದರು. ನರ್ಸ್ ಅವರ ಕೈ ಕುಲುಕಿದಳು. ಅತ್ತೆ ಚಪ್ಪಾಳೆ ತಟ್ಟಿದರು. ಈ ಸಂಭ್ರಮದಲ್ಲಿ ಇಪ್ಪತ್ತು ಸೆಕೆಂಡು ಕಳೆದುಹೋದವು. ರಿಮೋಟ್ ಒತ್ತುವುದು ಎಲ್ಲರಿಗೂ ಮರೆತುಹೋಗಿತ್ತು.

ಪರವಾಗಿಲ್ಲ. ದಾರಿ ಗೊತ್ತಾಗಿತ್ತು. ಇನ್ನೊಮ್ಮೆ ಒಳಗೆ, ಹೊರಗೆ, ಟಕ್ ಟಕ್, ಈ ಸಲ ನಿಧಾನಪ್ಪ ಹೆಬ್ಬೆರಳು ಒತ್ತಿದರು, ಬೀಗಗಳು ಟಕ್ ಎಂದು ಉತ್ತರ ಕೊಟ್ಟವು.

ಆಮೇಲಿನ ಒಂದು ಗಂಟೆ ಆ ಬೀದಿಯಲ್ಲಿ ಯಾರಿಗೂ ಬೇರೆ ಕೆಲಸವಿರಲಿಲ್ಲ. ನಿಧಾನಪ್ಪ ಹತ್ತು ಹೆಜ್ಜೆ ಹಿಂದೆ ಹೋಗಿ ಒತ್ತಿದರು, ಕಾರು ಕಣ್ಣು ಮಿಟುಕಿಸಿತು. ಇಪ್ಪತ್ತು ಹೆಜ್ಜೆ, ಮಿಟುಕಿಸಿತು. ಮಹಡಿ ಹತ್ತಿ ಒತ್ತಿದರು. ಬಾಗಿಲ ಹಿಂದೆ ಅಡಗಿ ಒತ್ತಿದರು. ಕಾರಿಗೆ ಬೆನ್ನು ತಿರುಗಿಸಿ, ಏನೂ ಗೊತ್ತಿಲ್ಲದವರಂತೆ ಆಕಾಶ ನೋಡುತ್ತಾ ಒತ್ತಿದರು. ಐವತ್ತಾರು ವರ್ಷದಲ್ಲಿ ಅವರನ್ನು ಓಡುತ್ತಾ ಕಂಡವರು ಅದುವರೆಗೆ ಯಾರೂ ಇರಲಿಲ್ಲ. ಆ ದಿನ ಬೀದಿಯ ಆ ತುದಿಯಿಂದ ಈ ತುದಿಗೆ ಎರಡು ಸಲ ಓಡಿದರು.

ಸೋಮವಾರ ಹೆಂಡತಿಯನ್ನು ತಾವೇ ಬಸ್ ನಿಲ್ದಾಣಕ್ಕೆ ಬಿಟ್ಟು, ಕಾರನ್ನು ಅಲ್ಲೇ ನಿಲ್ಲಿಸಿ, ಹೊಸ ರಿಮೋಟಿನಿಂದ ಗತ್ತಿನಲ್ಲಿ ಬೀಗ ಹಾಕಿ, ನಡೆದುಕೊಂಡು ಅಂಗಡಿಗೆ ಹೋದರು. ಮಧ್ಯಾಹ್ನ ಎರಡಕ್ಕೆ ಶಿಫ್ಟು ಮುಗಿಸಿ ಬಂದ ಅನೌನ್ಸರಮ್ಮ ತಮ್ಮ ರಿಮೋಟ್ ಒತ್ತಿದರು. ಕಾರು ಸುಮ್ಮನಿತ್ತು. ಮತ್ತೆ ಒತ್ತಿದರು. ಹತ್ತಿರ ಹೋಗಿ, ಕಾರಿನ ಗಾಜಿಗೇ ಹಿಡಿದು ಒತ್ತಿದರು. ಪರಿಚಯವೇ ಇಲ್ಲದವರಂತೆ ನಿಂತಿತ್ತು ಕಾರು. ಬೇರೆ ದಾರಿ ಕಾಣದೆ ಕೀಲಿಯಿಂದ ಬಾಗಿಲು ತೆಗೆದರು. ಪೇಂ ಪೇಂ ಪೇಂ! ಬೆಚ್ಚಿಬಿದ್ದ ರಭಸಕ್ಕೆ ಕೀಲಿ ಕೈಜಾರಿ ಕಾರಿನ ಕೆಳಗೆ ಹೋಯಿತು.

ಆಕೆ ನೆಲಕ್ಕೆ ಮಂಡಿಯೂರಿ, ಯೂನಿಫಾರ್ಮಿನಲ್ಲೇ ಕಾರಿನ ಕೆಳಗೆ ಕೈಯಾಡಿಸುತ್ತಿದ್ದಾಗ ಮೇಲಿನಿಂದ ಧ್ವನಿವರ್ಧಕ ಮಾತಾಡಿತು. ಎರಡರ ಶಿಫ್ಟಿನ ಹುಡುಗಿ. ಆಕೆಗೆ ಕೆಲಸ ಕಲಿಸಿದವರು ಇವರೇ. "ಬಿಳಿ ಬಣ್ಣದ ಕಾರಿನ ಮಾಲೀಕರು ಎಲ್ಲಿದ್ದರೂ ತಕ್ಷಣ ವಾಹನದ ಬಳಿ ಬರಬೇಕಾಗಿ ವಿನಂತಿ."

"ಇಲ್ಲೇ ಇದೀನಿ ಕಣೇ!" ಎಂದು ಅನೌನ್ಸರಮ್ಮ ಕಾರಿನ ಕೆಳಗಿನಿಂದ ಕೂಗಿದರು.

"ಮತ್ತೊಮ್ಮೆ ವಿನಂತಿ..." ಎಂದಿತು ಧ್ವನಿವರ್ಧಕ. ಮೂರು ಸಲ ಹೇಳಬೇಕು ಎಂದು ಕಲಿಸಿದವರೂ ಇವರೇ.

ಅವರು ಅಂಗಡಿಗೆ ನುಗ್ಗಿದಾಗ ಮೊಣಕೈಗೆ ಗ್ರೀಸು, ಕೂದಲಿಗೆ ಧೂಳು. ನಡೆದದ್ದನ್ನು ಒಂದೇ ಉಸಿರಿಗೆ ಹೇಳಿ ರಿಮೋಟನ್ನು ಮೇಜಿನ ಮೇಲೆ ಕುಕ್ಕಿದರು. ನಿಧಾನಪ್ಪ ಹಸಿರು ಪುಸ್ತಕವನ್ನು ತೆರೆದು ತೊಂಬತ್ತೆರಡನೆಯ ಪುಟವನ್ನು ಮತ್ತೆ ಓದಿದರು. ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ "ಗಮನಿಸಿ" ಎಂದಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಪುಟ ಅಲ್ಲಿಗೇ ನೀಟಾಗಿ ಮುಗಿದಿತ್ತು.

ನೀಟಾಗಿ ಮುಗಿಸಿದವರು ಯಾರು? ಎದ್ದು ಹೋಗಿ ಕಟಿಂಗ್ ಮಷಿನ್ನಿನ ಕೆಳಗಿನ ಗೋಣಿಚೀಲಕ್ಕೆ ಕೈ ಹಾಕಿದರು. ಕತ್ತರಿಸಿ ಬಿದ್ದ ಕಾಗದದ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ, ಕೊನೆಗೆ ಬೆರಳಗಲದ ಒಂದನ್ನು ಬೆಳಕಿಗೆ ಹಿಡಿದರು. "ಹೊಸ ರಿಮೋಟ್ ಸೇರಿಸಿದಾಗ ಹಳೆಯ ರಿಮೋಟುಗಳೆಲ್ಲ ಅಳಿಸಿಹೋಗುತ್ತವೆ. ಎಲ್ಲವನ್ನೂ ಒಂದೇ ಸಲಕ್ಕೆ ಮತ್ತೆ ಸೇರಿಸಿ."

"ಮೂವತ್ತು ವರ್ಷದಲ್ಲಿ ಒಬ್ಬರ ಒಂದು ಅಕ್ಷರವನ್ನೂ ಕತ್ತರಿಸಿದವನಲ್ಲ ನಾನು" ಎಂದರು ನಿಧಾನಪ್ಪ, ದನಿ ಸಣ್ಣಗಾಗಿ. "ನಮ್ಮದನ್ನೇ ಕತ್ತರಿಸಿದೆ."

ಅನೌನ್ಸರಮ್ಮ ಪಟ್ಟಿಯನ್ನು ನೋಡಿದರು, ಪುಸ್ತಕದ ಬೆನ್ನ ಮೇಲಿನ ಚಿನ್ನದ ಅಕ್ಷರ ನೋಡಿದರು, ಗಂಡನ ಮುಖ ನೋಡಿದರು. ಬೈಯಲು ಬಾಯಿ ತೆರೆದರು. ಬಂದದ್ದು ನಗು. ಕಾಗದದ ಕಟ್ಟಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಮಾತೇ ಹೊರಡದಷ್ಟು ನಕ್ಕರು. ಆಕೆಯ ಬಾಯಿಂದ ಇಡೀ ಐದು ನಿಮಿಷ ಮಾತು ಹೊರಡದಿದ್ದದ್ದನ್ನು ನಿಧಾನಪ್ಪ ಮದುವೆಯಾದ ಮೇಲೆ ನೋಡಿದ್ದು ಅದೇ ಮೊದಲು. ನೋಡುತ್ತಾ ನೋಡುತ್ತಾ ಅವರಿಗೂ ಬಂತು, ನಿಧಾನವಾಗಿ, ಭುಜದಿಂದ ಶುರುವಾಗಿ.

ಮನೆಗೆ ಹೋದವರೇ ಮತ್ತೆ ಕಾರಿನೊಳಗೆ ಕೂತರು. ಈ ಸಲ ಅತ್ತೆ ಮುಂದಿನ ಸೀಟಿನಲ್ಲಿ, ಎರಡೂ ಕೈಯಲ್ಲಿ ಒಂದೊಂದು ರಿಮೋಟ್. "ಅತ್ತೆ, ಟಕ್ ಅಂದ ಕೂಡಲೇ ಬಲಗೈಯದು ಒತ್ತಿ. ಇನ್ನೊಂದು ಟಕ್ ಅಂದಮೇಲೆ ಎಡಗೈಯದು." ಒಳಗೆ, ಹೊರಗೆ, ಟಕ್, ಅತ್ತೆ ಒತ್ತಿದರು, ಟಕ್, ಇನ್ನೊಂದು ಒತ್ತಿದರು, ಟಕ್. ಎರಡೂ ಸೇರಿದವು. ಗಂಡ ಹೆಂಡತಿ ತಮ್ಮ ತಮ್ಮ ರಿಮೋಟಿಗೆ ಕೈ ಚಾಚಿದರು. ಅತ್ತೆ ಕೊಡಲಿಲ್ಲ.

"ನನ್ನದು ಎಲ್ಲಿ ಅಳಿಯಂದ್ರೇ?"

"ನಿಮ್ಮದಾ? ನೀವು ಕಾರು ಓಡಿಸೋದಿಲ್ವಲ್ಲ ಅತ್ತೆ."

"ಓಡಿಸೋಕೆ ಯಾರು ಕೇಳಿದ್ರು? ನಾಲ್ಕು ಸೇರಿಸಬಹುದು ಅಂತ ನೀವೇ ಓದಿದ್ರಿ. ನಾನು ಒತ್ತಿದ್ರೆ ಅದು ಮಾತು ಕೇಳ್ತು, ನೋಡಿದ್ರಲ್ಲ? ಈ ಮನೇಲಿ ನನ್ನ ಮಾತು ಒಂದೇ ಸಲಕ್ಕೆ ಕೇಳಿದ್ದು ಅದೊಂದೇ."

ಮೂರನೆಯ ರಿಮೋಟ್ ತರಿಸಿದರು. ಅದು ಬಂದ ದಿನ ನಿಧಾನಪ್ಪ ಮೂರನ್ನೂ ಸಾಲಾಗಿಟ್ಟುಕೊಂಡು, ಏಳೇ ಸೆಕೆಂಡಿನಲ್ಲಿ ಆರು ಸಲ ಕೀಲಿ ಆಡಿಸಿ, ಎಲ್ಲವನ್ನೂ ಸೇರಿಸಿಬಿಟ್ಟರು. ಅತ್ತೆ ತಮ್ಮದಕ್ಕೆ ಕೆಂಪು ಉಲ್ಲನ್ನಿನ ಪುಟ್ಟ ಚೀಲ ಹೆಣೆದು ಕೊರಳಿಗೆ ನೇತುಹಾಕಿಕೊಂಡರು.

ಆ ಸಂಜೆ ಮೂವರೂ ತಿರುಗಾಡಲು ಹೊರಟರು. ಕೆಲಸವೇನೂ ಇರಲಿಲ್ಲ. ಪಾರ್ಕಿನ ಹತ್ತಿರ ಕಾರು ನಿಲ್ಲಿಸಿ, ಅತ್ತೆಯನ್ನು ಒಳಗೇ ಕೂರಿಸಿ, ಗಂಡ ಹೆಂಡತಿ ಐಸ್‌ಕ್ರೀಮ್ ತರಲು ಇಳಿದರು. ಮೂರು ಕೋನ್ ಹಿಡಿದು ವಾಪಸ್ ಬರುವಾಗ ಬಾಗಿಲಿಗೆ ಇನ್ನೇನು ಕೈ ಹಾಕಬೇಕು, ಟಕ್! ಬೀಗ ಬಿತ್ತು. ಗಾಜಿನಾಚೆ ಅತ್ತೆ ಕೆಂಪು ಚೀಲ ಎತ್ತಿ ತೋರಿಸಿದರು.

"ಅಮ್ಮಾ, ಬಾಗಿಲು ತೆಗಿ! ಕರಗ್ತಿದೆ!"

ಅತ್ತೆ ಕಿವಿಗೆ ಕೈ ಹಚ್ಚಿ, ಏನು ಎಂಬಂತೆ ಹುಬ್ಬು ಹಾರಿಸಿದರು. ನಿಧಾನಪ್ಪ ಕೈಯಲ್ಲಿದ್ದ ಎರಡು ಕೋನಿನಲ್ಲಿ ಒಂದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತಮ್ಮ ರಿಮೋಟ್ ಒತ್ತಿದರು. ಬೀಗ ಎದ್ದಿತು. ಅವರ ಕೈ ಹಿಡಿಕೆಗೆ ತಲುಪುವ ಮೊದಲೇ ಅತ್ತೆ ಒತ್ತಿದರು, ಬೀಗ ಬಿತ್ತು. ಅನೌನ್ಸರಮ್ಮ ಒತ್ತಿದರು, ಎದ್ದಿತು. ಅತ್ತೆ ಒತ್ತಿದರು. ಕಾರು ನಾಲ್ಕೂ ಮೂಲೆಯಲ್ಲಿ ದೀಪ ಮಿಟುಕಿಸುತ್ತಾ, ಯಾರ ಮಾತು ಕೇಳಬೇಕೆಂದು ತಿಳಿಯದೆ ಟಕಟಕ ಎನ್ನುತ್ತಿತ್ತು. ಪಾರ್ಕಿನ ಬೆಂಚಿನಲ್ಲಿ ಕೂತವರೆಲ್ಲ ಎದ್ದು ನಿಂತು ನೋಡತೊಡಗಿದರು. ಐಸ್‌ಕ್ರೀಮ್ ನಿಧಾನಪ್ಪನವರ ಮೊಣಕೈ ತನಕ ಇಳಿದಿತ್ತು. ಕಾರಿನೊಳಗೆ ಎಪ್ಪತ್ತೊಂಬತ್ತರ ಮುದುಕಿ ಸೀಟಿನ ಮೇಲೆ ಕುಣಿಯುವಂತೆ ನಗುತ್ತಿದ್ದರು, ಗಾಜಿನಲ್ಲಿ ಅವರ ಉಸಿರಿನ ಮಂಜು ಕೂತಿತ್ತು.